22ಎಕ್ಸ್ ಸಾಕೇ, 32ಎಕ್ಸ್ ಬೇಕೇ?

ಚಾರಣಕ್ಕೆ ಕೈಯಲ್ಲಿ ಹಿಡಿದೊಯ್ಯುವ ಜಿಪಿಎಸ್ ಯಂತ್ರಗಳಾದ ಗಾರ್ಮಿನ್ ಇಟ್ರೆಕ್ಸ್ 22ಎಕ್ಸ್, 32ಎಕ್ಸ್ ಅಕ್ಕಪಕ್ಕ ಇಟ್ಟರೆ ಅವಳಿಜವಳಿ. ಅದೇ 2.2 ಇಂಚಿನ ಪರದೆ, ಅದೇ 8 ಜಿಬಿ ಮೆಮೊರಿ, ಎರಡು ಎಎ ಸೆಲ್ಲಿಗೆ ಕಂಪನಿ ಹೇಳುವ ಅದೇ 25 ಗಂಟೆ. ದುಬಾರಿಯದು ಶೋಲಾ ಕಾಡಿನೊಳಗೆ ಜಾಗವನ್ನು ಹೆಚ್ಚು ಕರಾರುವಾಕ್ಕಾಗಿ ತೋರಿಸುತ್ತದೆ ಅಂದುಕೊಂಡರೆ ತಪ್ಪು. ಹೆಚ್ಚಿಗೆ ಕೊಡುವ ದುಡ್ಡು ಎರಡು ಸೆನ್ಸರಿಗೆ: ಎಲೆಕ್ಟ್ರಾನಿಕ್ ದಿಕ್ಸೂಚಿ, ಗಾಳಿಯ ಒತ್ತಡದಿಂದ ಎತ್ತರ ಅಳೆಯುವ ಬ್ಯಾರೋಮೀಟರ್.

22ಎಕ್ಸ್‌ಗೆ ದಿಕ್ಕು ತಿಳಿಯುವುದು ನೀವು ನಡೆಯುತ್ತಿದ್ದರೆ ಮಾತ್ರ. ಮಂಜು ಕವಿದ ಕವಲುದಾರಿಯಲ್ಲಿ ನಿಂತು ತಿರುಗಿದರೆ ಬಾಣ ಹಳೆಯ ದಿಕ್ಕಿಗೇ ಅಂಟಿಕೊಂಡಿರುತ್ತದೆ; ಇಪ್ಪತ್ತು ಹೆಜ್ಜೆ ನೇರ ಹಾಕಿದರೆ ಸರಿಹೋಗುತ್ತದೆ. 32ಎಕ್ಸ್ ನಿಂತಲ್ಲೇ ತೋರಿಸುತ್ತದೆ. ಆದರೆ ಸೆಲ್ ಬದಲಿಸಿದಾಗಲೆಲ್ಲ ಜೀಪು, ಕಬ್ಬಿಣದ ಬೇಲಿಯಿಂದ ದೂರ ನಿಂತು, ಪರದೆ ಹೇಳಿದಂತೆ ಮೂರು ಬಗೆಯಲ್ಲಿ ತಿರುಗಿಸಿ ದಿಕ್ಸೂಚಿಯನ್ನು ಕ್ಯಾಲಿಬ್ರೇಟ್ ಮಾಡಬೇಕು, ಅಂದರೆ ಹೊಸದಾಗಿ ಹೊಂದಿಸಬೇಕು. ಇದನ್ನು ಬಿಟ್ಟವರೇ ದಿಕ್ಸೂಚಿ ಸುಳ್ಳು ಹೇಳುತ್ತದೆ ಎಂದು ಬೈಯುವುದು. ಇಷ್ಟಕ್ಕಾಗಿಯೇ ಆದರೆ, ಜೇಬಿನಲ್ಲೊಂದು ಸಾದಾ ದಿಕ್ಸೂಚಿ ಸಾಕು.

ಬ್ಯಾರೋಮೀಟರಿಗೆ ಅಂಥ ಅಗ್ಗದ ಬದಲಿ ಇಲ್ಲ. ಉಪಗ್ರಹಗಳೆಲ್ಲ ತಲೆಯ ಮೇಲೇ ಇರುವುದರಿಂದ ಜಿಪಿಎಸ್ ಎತ್ತರ ಓಲಾಡುತ್ತದೆ. ಬುತ್ತಿ ಬಿಚ್ಚಿ ಕೂತಾಗಲೂ ಏರಿಳಿತ ಕೂಡಿಕೊಂಡು ಒಟ್ಟು ಏರಿದ ಲೆಕ್ಕ ಉಬ್ಬುತ್ತದೆ. ಒತ್ತಡದ ಲೆಕ್ಕ ನಾಲ್ಕಾರು ಮೆಟ್ಟಿಲು ಏರಿದರೂ ಹಿಡಿಯುತ್ತದೆ. ಅದಕ್ಕೂ ಒಂದು ರೋಗವಿದೆ. ನಮ್ಮ ಕಡೆ ಬೆಳಗ್ಗೆ ಹತ್ತಕ್ಕೆ ಏರಿದ ಒತ್ತಡ ಸಂಜೆ ನಾಲ್ಕರೊಳಗೆ ಎರಡು ಮೂರು ಹೆಕ್ಟೋಪಾಸ್ಕಲ್ (ಗಾಳಿಯ ಒತ್ತಡದ ಅಳತೆ) ಇಳಿಯುತ್ತದೆ. ಮುಳ್ಳಯ್ಯನಗಿರಿಯ ಎತ್ತರದಲ್ಲಿ ಒಂದು ಹೆಕ್ಟೋಪಾಸ್ಕಲ್ ಅಂದರೆ ಸುಮಾರು 10 ಮೀಟರ್ ಎತ್ತರದ ವ್ಯತ್ಯಾಸ. ಯಂತ್ರ ತಾನೇ ಎತ್ತರ ಸರಿಪಡಿಸಿಕೊಳ್ಳುವ ಆಟೋ ಕ್ಯಾಲಿಬ್ರೇಶನ್ ಆಫ್ ಆಗಿದ್ದರೆ, ಕೂತಲ್ಲೇ ಕೂತವರನ್ನೂ 20-30 ಮೀಟರ್ ಹತ್ತಿಸಿಬಿಡುತ್ತದೆ.

ಗೊತ್ತಿರುವ ಎತ್ತರವನ್ನು ಯಂತ್ರಕ್ಕೆ ಕೈಯಿಂದಲೇ ಕೊಟ್ಟು ಇದನ್ನು ತಿದ್ದುವುದಾದರೆ ರೈಲು ನಿಲ್ದಾಣದ ಹಳದಿ ಫಲಕ ನೋಡಿ, ಊರ ಹೆಸರಿನ ಜೊತೆ ಸಮುದ್ರಮಟ್ಟದಿಂದ ಎಷ್ಟು ಎತ್ತರ ಎಂದು ಬರೆದಿರುತ್ತದೆ. ಸುಬ್ರಹ್ಮಣ್ಯ ರೋಡಿನಲ್ಲಿ ಇಳಿದು ಕುಮಾರ ಪರ್ವತಕ್ಕೆ ಹೊರಟವರಿಗೆ ಇದಕ್ಕಿಂತ ಸುಲಭದ ಗುರುತಿಲ್ಲ. ಮಳೆಗೆಂದು ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಬೇಡಿ. ಯಂತ್ರಕ್ಕೆ ನೀರು ತಡೆಯುವ ಐಪಿಎಕ್ಸ್7 ದರ್ಜೆ ಇದೆ, ಮಳೆ ತಡೆಯುತ್ತದೆ. ಬ್ಯಾರೋಮೀಟರಿಗೆ ಮಾತ್ರ ಹೊರಗಿನ ಗಾಳಿ ತಾಗಬೇಕು.

ಏರಿದ ಲೆಕ್ಕ ಬರೆದಿಡುವ ಚಾರಣಿಗರು, ಬೆಟ್ಟದ ಓಟದವರು 32ಎಕ್ಸ್ ಕೊಳ್ಳಲಿ. ಉಳಿದವರು 22ಎಕ್ಸ್ ಕೊಂಡು ಮಿಕ್ಕ ದುಡ್ಡಿಗೆ ರೀಚಾರ್ಜ್ ಆಗುವ ನಿಕಲ್ (ಎನ್‌ಐಎಂಎಚ್) ಸೆಲ್ ನಾಲ್ಕು ತರಲಿ. ಹಾಕಿದ ಮೇಲೆ ಸೆಟ್ಟಿಂಗಿನಲ್ಲಿ ಬ್ಯಾಟರಿ ಬಗೆಯನ್ನು ಎನ್‌ಐಎಂಎಚ್‌ಗೆ ಬದಲಿಸಿ. ಆಲ್ಕಲೈನ್ ಎಂದೇ ಬಿಟ್ಟರೆ 1.2 ವೋಲ್ಟಿನ ಸೆಲ್ ತುಂಬಿದ್ದರೂ ಅರ್ಧ ಖಾಲಿಯಂತೆ ತೋರಿಸುತ್ತದೆ.