ಆನ್ನಾಸ್ ಹಮ್ಮಿಂಗ್‌ಬರ್ಡಿನ ಕೊರಳು ಕೊನೆಗೂ ಕಪ್ಪಾಯಿತು

ಜಗತ್ತಿನ ಹಕ್ಕಿಗಳನ್ನು ಹಾಲೆಮರದಲ್ಲಿ ಕೆತ್ತಿ, ಪ್ರತಿಯೊಂದರ ಜೊತೆಗೂ ನಗುತ್ತ ಓದಬಹುದಾದ ಪರಿಚಯದ ಚೀಟಿಯೊಂದನ್ನು ಇಡುವ ನನ್ನ ಸರಣಿಯಲ್ಲಿ ಹಿಂದಿನ ಹಕ್ಕಿಗಳು ಬಣ್ಣದ ವಿಷಯದಲ್ಲಿ ಹೆಚ್ಚು ಕಾಡಲಿಲ್ಲ. ಆಫ್ರಿಕಾದ ಜೌಗುಗಳಲ್ಲಿ ಮೀನಿಗಾಗಿ ಗಂಟೆಗಟ್ಟಲೆ ಅಲುಗಾಡದೆ ನಿಲ್ಲುವ ಶೂಬಿಲ್‌ಗೆ ಬೂದುಬಣ್ಣವೇ ಸಾಕಾಯಿತು. ಬಣ್ಣ ಒಣಗುವವರೆಗೆ ಮುಟ್ಟದೆ ಕಾಯುವ ಕಲೆಯಲ್ಲಿ ಆ ಹಕ್ಕಿ ನಮ್ಮೆಲ್ಲರಿಗೂ ಗುರು. ನ್ಯೂಜಿಲೆಂಡಿನ ಹಾರಲಾರದ ಗಿಳಿ ಕಾಕಪೊ ಪಾಚಿಹಸಿರಿನಲ್ಲಿ ತೃಪ್ತಿಪಟ್ಟಿತು. ಎಲ್ಲವನ್ನೂ ನಿಲ್ಲಿಸಿದ್ದು ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯ ಆನ್ನಾಸ್ ಹಮ್ಮಿಂಗ್‌ಬರ್ಡ್. ಸುಮಾರು 10 ಸೆಂಟಿಮೀಟರ್ ಉದ್ದದ, ನಾಲ್ಕೈದು ಗ್ರಾಂ ತೂಗುವ ಈ ಪುಟ್ಟ ಗಂಡುಹಕ್ಕಿಯ ಕೊರಳು ಮತ್ತು ನೆತ್ತಿ ಎದುರಿನಿಂದ ಕಡುಗುಲಾಬಿಯಾಗಿ ಹೊಳೆಯುತ್ತವೆ. ಪಕ್ಕದಿಂದ ನೋಡಿದರೆ ಬಹುತೇಕ ಕಪ್ಪು. ಗುಲಾಬಿಯನ್ನು ತರುವುದು ಸುಲಭ, ಆ ಕಪ್ಪನ್ನು ತರುವುದೇ ಕಷ್ಟ.

ಈ ಗುಲಾಬಿ ಯಾವುದೇ ವರ್ಣದ್ರವ್ಯದ್ದಲ್ಲ. ಗರಿಯ ಅತಿ ಸೂಕ್ಷ್ಮ ಎಳೆಗಳೊಳಗೆ ಮೆಲನಿನ್ ಎಂಬ ಕಪ್ಪು ವಸ್ತುವಿನ ಚಪ್ಪಟೆ ಬಿಲ್ಲೆಗಳು ಪದರಪದರವಾಗಿ ಜೋಡಣೆಗೊಂಡಿರುತ್ತವೆ, ಒಂದೊಂದು ಬಿಲ್ಲೆಯೊಳಗೂ ಗಾಳಿಯ ಗುಳ್ಳೆಗಳಿರುತ್ತವೆ. ಆ ಪದರಗಳಿಂದ ಮರಳುವ ಬೆಳಕಿನ ಅಲೆಗಳು ಒಂದು ದಿಕ್ಕಿನಲ್ಲಿ ಪರಸ್ಪರ ಬಲಗೊಂಡು ಬಣ್ಣವಾಗುತ್ತವೆ. ಉಳಿದ ಬೆಳಕನ್ನು ಮೆಲನಿನ್ ನುಂಗಿಬಿಡುತ್ತದೆ. ಹೆಣ್ಣನ್ನು ಒಲಿಸಲು ಗಂಡು ಹತ್ತಾರು ಮೀಟರ್ ಮೇಲೇರಿ ಧುಮುಕುವಾಗ ಸೂರ್ಯನ ಕಡೆಗೆ ಮುಖಮಾಡುವುದೂ ಈ ಹೊಳಪಿಗಾಗಿಯೇ. ಧುಮುಕಿದ ಕೊನೆಯಲ್ಲಿ ಕೇಳುವ ಚುರುಕಾದ ಸದ್ದು ಗಂಟಲಿನದಲ್ಲ, ಬಾಲದ ಹೊರಗರಿಗಳು ಗಾಳಿಯಲ್ಲಿ ಕಂಪಿಸಿ ಹುಟ್ಟಿಸುವಂಥದ್ದು ಎಂದು 2008ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಬಾಲದಿಂದ ಹಾಡುವ ಹಕ್ಕಿಯ ಚೀಟಿಯನ್ನು ಬರೆಯುವುದು ನನಗೆ ಹಬ್ಬವೇ ಆಗಿತ್ತು.

ಇಂತಹ ಹೊಳಪಿಗೆ ನಾವು ಬಳಸುವುದು ಟೈಟಾನಿಯಂ ಡೈಆಕ್ಸೈಡಿನ ತೆಳುಪದರ ಹೊದಿಸಿದ ಅಭ್ರಕದ, ಗರಿಯಂತೆಯೇ ಬೆಳಕಿನ ಅಲೆಗಳಿಂದ ಬಣ್ಣ ತೋರುವ ಇಂಟರ್‌ಫಿಯರೆನ್ಸ್ ಪುಡಿ. ಇಲ್ಲಿ ಮಾರಾಟಗಾರರ ಬಗ್ಗೆ ಒಂದು ಮಾತನ್ನು ಹೇಳಲೇಬೇಕು. 'ಇಂಟರ್‌ಫಿಯರೆನ್ಸ್ ಕೆಂಪು' ಎಂಬ ಚೀಟಿ ಅಂಟಿಸಿದ ಡಬ್ಬಿಯಲ್ಲಿ ನನಗೆ ಬಂದದ್ದು ಬಣ್ಣ ಬೆರೆಸಿದ ಸಾಮಾನ್ಯ ಮುತ್ತುಪುಡಿ. ಬದಲಿಯಾಗಿ ಕಳುಹಿಸಿದ ಡಬ್ಬಿಯಲ್ಲೂ ಅದೇ ಪುಡಿ, ಮುಚ್ಚಳ ಮಾತ್ರ ಹೊಸದು. ನಿಜವಾದ ಪುಡಿ ಡಬ್ಬಿಯಲ್ಲಿ ಹೆಚ್ಚುಕಡಿಮೆ ಬಿಳಿಯಾಗಿಯೇ ಕಾಣುತ್ತದೆ. ಕಪ್ಪು ಕಾಗದದ ಮೇಲೆ ಸವರಿದರೆ ಕೆಂಪು ಎದ್ದುಬರುತ್ತದೆ, ಬಿಳಿ ಕಾಗದದ ಮೇಲೆ ಸವರಿ ಓರೆಯಾಗಿ ನೋಡಿದರೆ ನಸುಹಸಿರು ಸುಳಿಯುತ್ತದೆ. ಡಬ್ಬಿ ತೆರೆದೊಡನೆಯೇ ಗುಲಾಬಿಯಾಗಿ ಕಂಡರೆ ಅದನ್ನು ಮುಚ್ಚಿ ಹಿಂದಕ್ಕೆ ಕಳುಹಿಸಿರಿ.

ಸರಿಯಾದ ಪುಡಿ ದೊರೆತ ಮೇಲೂ, ಕಪ್ಪು ಪ್ರೈಮರ್‌ನ ಮೇಲೆ ಬಳಿದ ಕೊರಳು ಎಲ್ಲ ಕೋನಗಳಿಂದಲೂ ಒಂದೇ ಸಮನೆ ಮಿನುಗುತ್ತಿತ್ತು. ಕಾರಣ ಬಣ್ಣದಲ್ಲಿರಲಿಲ್ಲ, ಅಭ್ರಕದ ಚೂರುಗಳು ಮಲಗುವ ರೀತಿಯಲ್ಲಿತ್ತು. ಕುಂಚದ ಎಳೆತಕ್ಕೆ ಚೂರುಗಳು ಅಡ್ಡಾದಿಡ್ಡಿಯಾಗಿ ನಿಲ್ಲುತ್ತವೆ, ಅಲ್ಲದೆ ಉಬ್ಬಿದ ಕೊರಳಿನ ಮೇಲ್ಮೈ ಎಲ್ಲ ದಿಕ್ಕಿಗೂ ಮುಖಮಾಡಿರುತ್ತದೆ. ಹಕ್ಕಿಯಲ್ಲಾದರೋ ಪ್ರತಿ ಗರಿಯೂ ತನ್ನ ಪುಟ್ಟ ಕನ್ನಡಿಯನ್ನು ಮುಂದಕ್ಕೇ ಹಿಡಿದಿರುತ್ತದೆ. ಆದುದರಿಂದ ಬಣ್ಣವನ್ನು ಬಿಟ್ಟು ಉಳಿಯನ್ನು ಕೈಗೆತ್ತಿಕೊಂಡೆ. ಕೊರಳಿನ ಪ್ರತಿಯೊಂದು ಗರಿಯನ್ನೂ ಬೇರೆಬೇರೆ ಪುಟ್ಟ ಚಪ್ಪಟೆ ಹಲ್ಲೆಯಾಗಿ ಕೊರೆದು, ಎಲ್ಲ ಹಲ್ಲೆಗಳ ಮುಖವನ್ನೂ ಕೊಕ್ಕಿನ ದಿಕ್ಕಿಗೆ ಓರೆಗೊಳಿಸಿ, ಸಂದುಗಳನ್ನು ಮಂದ ಕಪ್ಪಿನಲ್ಲಿ ತುಂಬಿದೆ. ಅನಂತರ ಹಕ್ಕಿಯನ್ನು ಕೊಕ್ಕು ಮೇಲಾಗಿ ನಿಲ್ಲಿಸಿ, ಹಲ್ಲೆಗಳು ಮಟ್ಟಸವಾಗಿರುವಂತೆ ನೋಡಿಕೊಂಡು, ಬಹಳ ತೆಳುವಾಗಿ ಕಲಸಿದ ಬಣ್ಣವನ್ನು ಒಂದೊಂದು ಹನಿಯಾಗಿ ಇಟ್ಟು ಮುಟ್ಟದೆ ಒಣಗಲು ಬಿಟ್ಟೆ. ದ್ರವ ಆರುತ್ತ ಬಂದಂತೆ ಚೂರುಗಳು ತಾವಾಗಿಯೇ ಚಪ್ಪಟೆಯಾಗಿ ಮಲಗುತ್ತವೆ. ಈಗ ಹಕ್ಕಿಯನ್ನು ತಿರುಗಿಸಿದರೆ ಕೊರಳಿನ ಗುಲಾಬಿ ಒಂದು ಅಂಚಿನಿಂದ ಆರಂಭಿಸಿ ಗರಿಗರಿಯಾಗಿ ಆರಿ ಕಪ್ಪಾಗುತ್ತದೆ. ಇಷ್ಟು ಸಂತೋಷವನ್ನು ನನಗೆ ಈ ಸರಣಿಯ ಬೇರೆ ಯಾವ ಹಕ್ಕಿಯೂ ಕೊಟ್ಟಿಲ್ಲ.

ನಮ್ಮ ರಾಜ್ಯಪಕ್ಷಿ ನೀಲಕಂಠಕ್ಕೆ ಇಷ್ಟೆಲ್ಲ ಬೇಕಾಗಲಿಲ್ಲವೇಕೆ ಎಂಬ ಪ್ರಶ್ನೆ ಸಹಜ. ಅದರ ನೀಲಿಯೂ ರಚನೆಯಿಂದಲೇ ಹುಟ್ಟುತ್ತದೆ, ಸರ್ ಸಿ. ವಿ. ರಾಮನ್ ಅವರು 1934ರಲ್ಲಿ ಹಕ್ಕಿಗಳ ಗರಿಗಳ ಬಣ್ಣದ ಬಗ್ಗೆ ಬರೆದ ಪ್ರಬಂಧದಲ್ಲಿ ಪರಿಶೀಲಿಸಿದ್ದು ಇದೇ ಹಕ್ಕಿಯ ಗರಿಗಳನ್ನು. ಆದರೆ ಅಲ್ಲಿ ಬೆಳಕನ್ನು ಚದುರಿಸುವುದು ಗರಿಯ ಮೂಲವಸ್ತುವಾದ, ಸ್ಪಂಜಿನಂತಹ ಕೆರಟಿನ್, ಆದ್ದರಿಂದ ಬಯಲಿನ ಬೆಳಕಿನಲ್ಲಿ ಎತ್ತಲಿಂದ ನೋಡಿದರೂ ನೀಲಿ ನೀಲಿಯಾಗಿಯೇ ಇರುತ್ತದೆ, ಮಂದ ಅಕ್ರಿಲಿಕ್ ಸಾಕಾಗುತ್ತದೆ.

ಇದೇ ಯೋಚನೆಯಲ್ಲಿ ಮುಂದಿನ ಹಕ್ಕಿಯೂ ನಿಶ್ಚಯವಾಗಿಬಿಟ್ಟಿದೆ: ಆಫ್ರಿಕಾದ ಟುರಾಕೊ. ಇದರ ರೆಕ್ಕೆಯ ಕೆಂಪಿಗೆ ಟುರಾಸಿನ್, ಮೈಯ ಹಸಿರಿಗೆ ಟುರಾಕೊವರ್ಡಿನ್ ಎಂಬ ತಾಮ್ರವುಳ್ಳ ನಿಜವಾದ ವರ್ಣದ್ರವ್ಯಗಳಿವೆ. ಬಹುಪಾಲು ಹಕ್ಕಿಗಳ ಹಸಿರು ನೀಲಿ ರಚನೆಯೂ ಹಳದಿ ದ್ರವ್ಯವೂ ಸೇರಿ ಮೂಡುವಂಥದ್ದು, ಹೀಗಾಗಿ ಟುರಾಕೊ ಬಣ್ಣ ಬಳಿಯುವವರ ಪಾಲಿನ ನೇರ ನಡೆಯ ಹಕ್ಕಿ.

ಅದಕ್ಕೂ ಮೊದಲು ವಾರ್ನಿಷ್ ಇತ್ಯರ್ಥವಾಗಬೇಕು. ಮ್ಯಾಟ್ ವಾರ್ನಿಷ್ ಬೆಳಕನ್ನು ಚದುರಿಸಿ ಕೊರಳಿನ ಹೊಳಪನ್ನು ಕೊಲ್ಲುತ್ತದೆ, ಮಿರುಗುವ ಗ್ಲಾಸ್ ವಾರ್ನಿಷ್ ಹಾಕಿದರೆ ಬೂದು ಹೊಟ್ಟೆ ಪ್ಲಾಸ್ಟಿಕ್ಕಿನಂತೆ ಕಾಣುತ್ತದೆ. ಹಲ್ಲೆಗಳಿಗೆ ಮಾತ್ರ ಸಣ್ಣ ಕುಂಚದಿಂದ ಗ್ಲಾಸ್, ಉಳಿದ ಮೈಗೆ ಮ್ಯಾಟ್ ಎಂದು ತೀರ್ಮಾನಿಸಿದ್ದೇನೆ. ನೆತ್ತಿಯ ಗರಿಗಳ ಕೊರೆತ ಇನ್ನೂ ಬಾಕಿಯಿದೆ.