ದಿನಾ ಮಂಗಳೂರಿಗೆ ಹೋಗಿ ಬರಲು ಯಾವ ಸೆಕೆಂಡ್ ಹ್ಯಾಂಡ್ ಕಾರು ತಗೊಳ್ಳಲಿ?

"ಅಣ್ಣಾ, ಕಾಸರಗೋಡಿನಿಂದ ಮಂಗಳೂರಿಗೆ ದಿನಾ ಹೋಗಿ ಬರಲಿಕ್ಕುಂಟು. ನಾಲ್ಕೈದು ಲಕ್ಷದೊಳಗೆ ಹಳೆ ಕಾರು ಯಾವುದು ಒಳ್ಳೆಯದು? ಮೈಲೇಜ್ ಯಾವುದಕ್ಕೆ ಜಾಸ್ತಿ?" ದೇರಳಕಟ್ಟೆಯ ಆಸ್ಪತ್ರೆಗಳಲ್ಲಿ ದುಡಿಯುವ ನರ್ಸುಗಳು, ಕಾಲೇಜು ಮೇಷ್ಟ್ರುಗಳು, ಬ್ಯಾಂಕಿನವರು ಎಲ್ಲರೂ ಇದನ್ನೇ ಕೇಳುತ್ತಾರೆ.

ಉತ್ತರ ಮೊದಲೇ ಹೇಳಿಬಿಡುತ್ತೇನೆ. 2017ರಿಂದ 2020ರ ಮಾರ್ಚ್ ಒಳಗಿನ ಮಾರುತಿ ಡಿಸೈರ್ ಡೀಸೆಲ್ ಅಥವಾ ಟೊಯೋಟಾ ಎಟಿಯೋಸ್ ಡೀಸೆಲ್ ನೋಡಿ. ಲಕ್ಷ ಕಿಲೋಮೀಟರ್ ಓಡಿದ್ದರೂ ಅಡ್ಡಿಯಿಲ್ಲ, ಸರ್ವಿಸ್ ದಾಖಲೆ ಪೂರ್ತಿ ಇರಬೇಕು, ಅಡಿಭಾಗ ತುಕ್ಕು ಹಿಡಿದಿರಬಾರದು. ದಿನಕ್ಕೆ ಐವತ್ತು ಕಿಲೋಮೀಟರ್ ಕೂಡ ಓಡದವರು ಡೀಸೆಲ್ ಆಸೆ ಬಿಟ್ಟು ಪೆಟ್ರೋಲ್ ಕಾರು ಕೊಳ್ಳಿ. ಇನ್ನು, ಆಫೀಸು ಮಂಗಳೂರು ಸೆಂಟ್ರಲ್ ಸ್ಟೇಷನಿನ ಹತ್ತಿರವೇ ಇದ್ದು, ಹೋಗಿ ಬರುವ ಹೊತ್ತಿಗೆ ಸರಿಯಾಗಿ ರೈಲು ಸಿಗುತ್ತದಾದರೆ ಸೀಸನ್ ಟಿಕೆಟ್ ಮಾಡಿಸಿ. ಯಾವ ಕಾರೂ ಅದರಷ್ಟು ಅಗ್ಗವಾಗುವುದಿಲ್ಲ.

ಲೆಕ್ಕ ಹೀಗೆ. ಹೋಗಿ ಬರಲು ನೂರು ಕಿಲೋಮೀಟರ್, ತಿಂಗಳಿಗೆ 25 ದಿನ, ವರ್ಷಕ್ಕೆ 30,000 ಕಿಲೋಮೀಟರ್. ಪೆಟ್ರೋಲ್ ಕಾರು ಲೀಟರಿಗೆ 18, ಡೀಸೆಲ್ 22 ಕೊಡುತ್ತದೆ ಎಂದಿಟ್ಟುಕೊಳ್ಳಿ. ಲೆಕ್ಕದ ಸುಲಭಕ್ಕೆ ಪೆಟ್ರೋಲಿಗೆ ನೂರು ರೂಪಾಯಿ, ಡೀಸೆಲಿಗೆ ತೊಂಬತ್ತು ಹಿಡಿಯಿರಿ. ಪೆಟ್ರೋಲಿಗೆ ವರ್ಷಕ್ಕೆ ಸುಮಾರು 1,66,000, ಡೀಸೆಲಿಗೆ 1,22,000. ಉಳಿತಾಯ 44,000 ರೂಪಾಯಿ. ಅದೇ ನೀವು ಉಪ್ಪಳದಿಂದ ತೊಕ್ಕೊಟ್ಟಿಗೆ ಮಾತ್ರ ಹೋಗುವವರು, ವರ್ಷಕ್ಕೆ 12,000 ಕಿಲೋಮೀಟರ್ ಓಡುವವರು ಎಂದಾದರೆ ಉಳಿಯುವುದು ಹದಿನೇಳು ಸಾವಿರ ಚಿಲ್ಲರೆ. ಹಳೆ ಡೀಸೆಲಿನ ಇಂಜೆಕ್ಟರೋ ಟರ್ಬೊವೋ ಒಮ್ಮೆ ಕೈಕೊಟ್ಟರೆ ಎರಡು ವರ್ಷದ ಉಳಿತಾಯ ಗ್ಯಾರೇಜಿಗೆ ಹೋಯಿತು. ಡೀಸೆಲ್ ಹಾಕಿಸುವುದನ್ನು ಗಡಿಯ ತಲಪಾಡಿ ದಾಟಿ ಕರ್ನಾಟಕಕ್ಕೆ ಬಂದ ಮೇಲೆ ಇಟ್ಟುಕೊಳ್ಳಿ ಎಂದು ನಮ್ಮವರಿಗೆ ಹೇಳಿಕೊಡಬೇಕಾಗಿಲ್ಲ. ಕೇರಳದಲ್ಲಿ ತೆರಿಗೆ ಹೆಚ್ಚು, 2023ರ ಏಪ್ರಿಲಿನಿಂದ ಲೀಟರಿಗೆ ಎರಡು ರೂಪಾಯಿ ಸೆಸ್ ಬೇರೆ.

2020ರ ಮಾರ್ಚ್ ಎಂದು ಗೆರೆ ಎಳೆದದ್ದಕ್ಕೆ ಕಾರಣ ಉಂಟು. ಆ ಏಪ್ರಿಲಿನಿಂದ ಹೊಗೆ ಮಾಲಿನ್ಯದ ಹೊಸ ನಿಯಮ ಬಿಎಸ್6 ಬಂತು, ಮಾರುತಿ ಡೀಸೆಲ್ ಕಾರು ಮಾಡುವುದನ್ನೇ ನಿಲ್ಲಿಸಿತು. ಬಿಎಸ್6 ಡೀಸೆಲುಗಳಲ್ಲಿ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಎಂಬ ಫಿಲ್ಟರ್ ಇರುತ್ತದೆ. ಹೈವೇಯಲ್ಲಿ ಒಂದೇ ಸಮನೆ ಓಡಿದರೆ ಆ ಮಸಿ ತಾನಾಗಿ ಉರಿದುಹೋಗುತ್ತದೆ, ಊರೊಳಗೇ ತಿರುಗಿದ ಕಾರಿನಲ್ಲಿ ಕಟ್ಟಿಕೊಳ್ಳುತ್ತದೆ. ಹಿಂದಿನ ಮಾಲೀಕರು ಎಲ್ಲಿ ಓಡಿಸಿದರೋ ಯಾರಿಗೆ ಗೊತ್ತು? ಬಿಎಸ್6ಕ್ಕೆ ಮುಂಚಿನ ಡೀಸೆಲ್ ಡಿಸೈರಿನ 1,248 ಸಿಸಿ ಇಂಜಿನ್ ಮೂಲತಃ ಫಿಯೆಟ್‌ನದ್ದು. ಸ್ವಿಫ್ಟ್‌ನಲ್ಲೂ ಅದೇ, ಟಾಟಾದ ಕೆಲವು ಕಾರುಗಳಲ್ಲೂ ಅದೇ. ಹಾಗಾಗಿ ಬಿಡಿಭಾಗ ಸಿಗುತ್ತದೆ, ಕೈಪಳಗಿದ ಮೆಕ್ಯಾನಿಕ್ ಕುಂಬಳೆಯಲ್ಲೂ ಸಿಗುತ್ತಾರೆ. ಟೈಮಿಂಗ್ ಬೆಲ್ಟ್ ಬದಲು ಚೈನ್ ಇದೆ. 2017ರಲ್ಲಿ ಬಂದ ಹೊಸ ಡಿಸೈರಿನ ಎಲ್ಲ ಮಾದರಿಗಳಿಗೂ ಎರಡು ಏರ್‌ಬ್ಯಾಗ್, ಬ್ರೇಕ್ ಜೋರಾಗಿ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಉಂಟು. ಮಳೆಗಾಲದ ಸಂಜೆ ದಣಿದು ಮನೆಗೆ ಮರಳುವವರು ಇವೆರಡೂ ಇಲ್ಲದ ಕಾರನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ತರಬಾರದು. ಇದರಲ್ಲಿ ನಾನು ಯಾರೊಂದಿಗೂ ರಾಜಿಯಾಗುವುದಿಲ್ಲ.

ಈ ಡಿಸೈರಿಗೆ ಕಂಪನಿ ಹೇಳಿದ ಮೈಲೇಜ್ 28.4. ನಾನು ಲೆಕ್ಕಕ್ಕೆ ಹಿಡಿದದ್ದು 22. ಆ ವ್ಯತ್ಯಾಸ ನಿಮ್ಮ ಬಲಗಾಲಿನಲ್ಲಿದೆ. ತಲಪಾಡಿ–ಚೆಂಗಳ ನಡುವಿನ 39 ಕಿಲೋಮೀಟರ್ ಆರು ಪಥ ಆದಮೇಲೆ ಎಲ್ಲರೂ ನೂರು ದಾಟಿಸುತ್ತಾರೆ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 80ರಲ್ಲಿದ್ದದ್ದು 110ಕ್ಕೆ ಹೆಚ್ಚುಕಡಿಮೆ ದುಪ್ಪಟ್ಟು. ವ್ಯಾಗನ್‌ಆರ್‌ನಂಥ ಎತ್ತರದ ಪೆಟ್ಟಿಗೆ ಕಾರು ಪೇಟೆಯಲ್ಲಿ ಚೆನ್ನಾಗಿ ಮೈಲೇಜ್ ಕೊಟ್ಟು ಈ ರಸ್ತೆಯಲ್ಲಿ ಸೋಲುವುದು ಇದಕ್ಕೇ. 85ರಲ್ಲಿ ಸಮನಾಗಿ ಹೋಗಿ. ಮಂಗಳೂರಿಗೆ ನಾಲ್ಕೈದು ನಿಮಿಷ ತಡವಾದೀತು, ಅಷ್ಟೆ.

ಸಿಎನ್‌ಜಿ ಕೇಳುವವರೂ ಇದ್ದಾರೆ. 2021ರ ಜನವರಿಯಲ್ಲಿ ಉದ್ಘಾಟನೆಯಾದ ಕೊಚ್ಚಿ–ಮಂಗಳೂರು ಗ್ಯಾಸ್ ಪೈಪ್‌ಲೈನ್ ನಮ್ಮ ಜಿಲ್ಲೆಯನ್ನು ಹಾದೇ ಹೋಗಿದೆ. ಇಂಧನದ ಖರ್ಚು ಡೀಸೆಲಿಗಿಂತಲೂ ಕಡಿಮೆ. ಕಂಪನಿಯಲ್ಲೇ ಸಿಲಿಂಡರ್ ಕೂರಿಸಿದ ಕಾರಾದರೆ, ಹಿಂದಿನ ಡಿಕ್ಕಿಯ ಜಾಗ ಹೋದರೂ ಪರವಾಗಿಲ್ಲ ಎನ್ನುವವರಿಗೆ ಒಳ್ಳೆಯದೇ. ಸಿಲಿಂಡರ್ ಪರೀಕ್ಷೆಯ ಸರ್ಟಿಫಿಕೇಟ್ ನೋಡಿ, ಮೂರು ವರ್ಷಕ್ಕೊಮ್ಮೆ ಮಾಡಿಸಬೇಕು.

ಈಗ ಓಡಿದ ಲೆಕ್ಕಕ್ಕೆ ಬರೋಣ. "ಒಂದು ಲಕ್ಷ ಓಡಿದೆಯಂತೆ, ಬೇಡ ಅಲ್ವಾ?" ಎಂದು ಕೇಳುತ್ತಾರೆ. ಐದಾರು ವರ್ಷದಲ್ಲಿ ಹೈವೇಯಲ್ಲಿ ಲಕ್ಷ ಓಡಿದ ಕಾರಿನ ಕ್ಲಚ್, ಗೇರ್‌ಬಾಕ್ಸ್, ಬ್ರೇಕು ಪೇಟೆಯ ಟ್ರಾಫಿಕ್ಕಿನಲ್ಲಿ ಐವತ್ತು ಸಾವಿರ ಓಡಿದ್ದಕ್ಕಿಂತ ಚೆನ್ನಾಗಿರುವುದೇ ಹೆಚ್ಚು. ನನಗೆ ಹೆದರಿಕೆ ಗಲ್ಫಿನಲ್ಲಿರುವವರ ಮನೆಯಂಗಳದಲ್ಲಿ ವರ್ಷಗಟ್ಟಲೆ ನಿಂತ ಕಾರಿನದ್ದು. ಮೀಟರಿನಲ್ಲಿ ಇಪ್ಪತ್ತೈದು ಸಾವಿರ, ಬಣ್ಣ ಫಳಫಳ. ಆದರೆ ರಬ್ಬರ್ ಹೋಸುಗಳು ಒಣಗಿ ಬಿರಿದಿರುತ್ತವೆ, ಟೈರು ಗಟ್ಟಿಯಾಗಿರುತ್ತದೆ. ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಎಂದಿದ್ದರೆ 2019ರ ಇಪ್ಪತ್ತಮೂರನೇ ವಾರ ತಯಾರಾದದ್ದು. ಟೈರಿನ ಅಚ್ಚು (ಟ್ರೆಡ್) ಎಷ್ಟೇ ಆಳವಿದ್ದರೂ ಅಷ್ಟು ಹಳೆ ಟೈರು ಹೈವೇಗೆ ಬೇಡ, ನಾಲ್ಕು ಹೊಸ ಟೈರಿನ ಬೆಲೆ ಕಳೆದು ಚೌಕಾಸಿ ಮಾಡಿ. ಮೀಟರ್ ಹಿಂದಕ್ಕೆ ತಿರುಗಿಸಿದ ಸಂಶಯವಿದ್ದರೆ ಪೆಡಲ್ ರಬ್ಬರ್ ಮತ್ತು ಸ್ಟೀಯರಿಂಗಿನ ಸವೆತ ನೋಡಿ, ಕಾರಿನ ನಂಬರ್ ಕೊಟ್ಟು ಕಂಪನಿ ಸರ್ವಿಸ್ ಸೆಂಟರಿನಲ್ಲಿ ಹಿಂದಿನ ಬಿಲ್ಲುಗಳನ್ನು ವಿಚಾರಿಸಿ. ಡಿಸೈರ್, ಎಟಿಯೋಸ್ ಎರಡೂ ಟ್ಯಾಕ್ಸಿಯವರ ಪ್ರೀತಿಯ ಕಾರುಗಳು. ಹಳದಿ ಬೋರ್ಡಿನಿಂದ ಬಿಳಿಗೆ ಬಂದದ್ದೋ ಎಂಬುದನ್ನು ಆರ್‌ಟಿಒ ದಾಖಲೆಯಲ್ಲಿ ಖಚಿತ ಮಾಡಿಕೊಳ್ಳಿ.

ನಮ್ಮ ಕರಾವಳಿಯಲ್ಲಿ ಕಾರನ್ನು ಕೊಲ್ಲುವುದು ಉಪ್ಪುಗಾಳಿ. ಮೊಗ್ರಾಲ್, ಮಂಜೇಶ್ವರದಂಥ ಕಡೆ ಕಡಲ ಬದಿಯಲ್ಲಿ ಬಯಲಲ್ಲೇ ನಿಂತ ಕಾರನ್ನು ಲಿಫ್ಟಿಗೆ ಏರಿಸದೆ ಕೊಳ್ಳಲೇಬೇಡಿ. ಬಾಗಿಲಿನ ಕೆಳ ಅಂಚು ಕೈಯಿಂದ ಸವರಿ. ಮ್ಯಾಟ್ ಎತ್ತಿ ನೆಲದ ತಗಡು ನೋಡಿ, ಸ್ಟೆಪ್ನಿ ಗುಂಡಿಯೊಳಗೆ ಟಾರ್ಚ್ ಬಿಡಿ. ಬ್ರೇಕ್ ಎಣ್ಣೆ ಹೋಗುವ ಲೋಹದ ಪೈಪುಗಳು ತುಕ್ಕು ಹಿಡಿದಿದ್ದರೆ ಆ ಕಾರನ್ನು ಅಲ್ಲಿಗೇ ಬಿಡಿ. ಹೊಸದಾಗಿ ಬಳಿದ ಕಪ್ಪು ಅಂಡರ್‌ಕೋಟಿಂಗ್ ಕಂಡರೆ ಅದರ ಕೆಳಗೇನಿದೆ ಎಂದು ಸ್ಕ್ರೂಡ್ರೈವರಿನ ತುದಿಯಲ್ಲಿ ಮೆಲ್ಲ ಒತ್ತಿ ನೋಡಲು ಮೆಕ್ಯಾನಿಕ್‌ಗೆ ಹೇಳಿ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ. ತುದಿಯಲ್ಲಿ ಕೆಸರಿನ ಕಲೆ, ಒಳಗೆ ಮುಗ್ಗಲು ವಾಸನೆ ಎರಡೂ ಇದ್ದರೆ ಅದು ನೆರೆಯಲ್ಲಿ ಮುಳುಗಿದ ಕಾರು. 2018ರ ಪ್ರವಾಹದ ನಂತರ ಕೇರಳದಲ್ಲಿ ಹಳೆ ಕಾರು ಕೊಳ್ಳುವವರು ಇದನ್ನು ಮರೆಯುವ ಹಾಗಿಲ್ಲ.

ಟೋಲ್ ಖರ್ಚನ್ನೂ ಸೇರಿಸಿಕೊಳ್ಳಿ. 2025ರ ಆಗಸ್ಟ್ 15ರಂದು 3,000 ರೂಪಾಯಿಗೆ ಶುರುವಾದ ಫಾಸ್ಟ್ಯಾಗ್ ವಾರ್ಷಿಕ ಪಾಸ್ ಇನ್ನೂರು ಟ್ರಿಪ್ಪಿಗೆ ಮಾತ್ರ. ದಿನಕ್ಕೆ ಎರಡು ಸಲ ತಲಪಾಡಿ ದಾಟುವವರಿಗೆ ನಾಲ್ಕೇ ತಿಂಗಳಲ್ಲಿ ಮುಗಿಯುತ್ತದೆ. ಟೋಲ್‌ಗೇಟಿನಿಂದ 20 ಕಿಲೋಮೀಟರ್ ಒಳಗೆ ಮನೆಯಿದ್ದರೆ ಸ್ಥಳೀಯರ ಮಾಸಿಕ ಪಾಸ್ ಅಗ್ಗ.

ಕೊನೆಗೆ ಕಾಗದಪತ್ರ. ಮಂಗಳೂರಿನಲ್ಲಿ ಆಯ್ಕೆ ಹೆಚ್ಚು, ಹಾಗಾಗಿ ಕೆಎ 19ರ ಕಾರು ತರುವವರು ಬಹಳ. ತರಬಹುದು. ಆದರೆ ಕೇರಳದಲ್ಲೇ ಇಟ್ಟುಕೊಳ್ಳುವ ಕಾರನ್ನು ಹನ್ನೆರಡು ತಿಂಗಳು ದಾಟುವ ಮೊದಲು ಕೆಎಲ್ 14ಕ್ಕೆ ಬದಲಿಸಬೇಕು, ಕಾರಿನ ವಯಸ್ಸಿಗೆ ತಕ್ಕಷ್ಟು ತೆರಿಗೆ ಇಲ್ಲಿ ಕಟ್ಟಬೇಕು. ಆ ಮೊತ್ತವನ್ನು ಕಾಸರಗೋಡು ಆರ್‌ಟಿಒದಲ್ಲಿ ಮೊದಲೇ ಕೇಳಿ ಕಾರಿನ ಬೆಲೆಗೆ ಕೂಡಿಸಿ ನೋಡಿ, ಅಗ್ಗ ಅನಿಸಿದ್ದು ಅಗ್ಗವಾಗಿಯೇ ಉಳಿಯುತ್ತದೋ ಇಲ್ಲವೋ ಗೊತ್ತಾಗುತ್ತದೆ. ಹಳೆ ಸಾಲ ಇದ್ದರೆ ಬ್ಯಾಂಕಿನ ಕ್ಲಿಯರೆನ್ಸ್, ಫಾರ್ಮ್ 28ರ ಎನ್‌ಒಸಿ (ಹಳೆ ಆರ್‌ಟಿಒದ ಆಕ್ಷೇಪವಿಲ್ಲ ಎಂಬ ಪತ್ರ), ಮಾಲೀಕರ ಹೆಸರು ಬದಲಿಸಲು ಸಹಿ ಮಾಡಿದ ಫಾರ್ಮ್ 29 ಮತ್ತು 30 ನಿಮ್ಮ ಕೈಸೇರುವವರೆಗೆ ಬ್ರೋಕರ್ ಎಷ್ಟೇ ಪರಿಚಯದವರಾದರೂ ಪೂರ್ತಿ ಹಣ ಕೊಡಬೇಡಿ.