ನಿಮ್ಮನ್ನಲ್ಲ ಬಿಡಿ

"ನಿಮ್ಮಂಥವರನ್ನಲ್ಲ ಬಿಡಿ, ಬೇರೆಯವರನ್ನು" ಎಂದು ಪಕ್ಕದ ಮನೆಯ ಅಜ್ಜ ಹೇಳಿದಾಗ ಅವರ ದನಿಯಲ್ಲಿ ಒಂದಿಷ್ಟೂ ಕಹಿ ಇರಲಿಲ್ಲ. ಯಾರೋ ರಾತ್ರೋರಾತ್ರಿ ಏಣಿ ತಂದು ನಮ್ಮ ಬೀದಿಯ ದೀಪದ ಕಂಬಕ್ಕೆ ಸೇಂಟ್ ಜಾರ್ಜ್ ಶಿಲುಬೆಯ ಬಾವುಟ ಕಟ್ಟಿದ್ದರು. 2025ರ ಆಗಸ್ಟಿನಿಂದ ಇಂಗ್ಲೆಂಡಿನ ಎಷ್ಟೋ ಊರುಗಳಲ್ಲಿ ಹೀಗೆ ಬಾವುಟಗಳು ಏರಿದವು. ದೇಶದ ಬಾವುಟ ತಾನೆ, ಹಾರಿದರೆ ತಪ್ಪೇನು ಎನ್ನುವವರು ಒಂದು ಕಡೆ. ಯಾರ ಕಣ್ಣಿಗೆ ಬೀಳಲೆಂದು ಹಾರಿಸಿದ್ದೀರಿ, ವಲಸೆ ಬಂದವರನ್ನು ಹೆದರಿಸಲೆಂದೇ ಎಂದು ಕೇಳುವವರು ಇನ್ನೊಂದು ಕಡೆ. ನಾನು ಕತ್ತೆತ್ತಿ ನೋಡುತ್ತಿದ್ದದ್ದನ್ನು ಕಂಡು ಅಜ್ಜನಿಗೆ ಒಂದು ಸಮಾಧಾನದ ಮಾತು ಹೇಳಬೇಕೆನಿಸಿತು. ಹೇಳಿದರು. ತಮ್ಮ ಕಸದ ಡಬ್ಬಿಯ ಜೊತೆಗೆ ನಮ್ಮದನ್ನೂ ಎಳೆದು ಬೀದಿಯಂಚಿಗೆ ಇಟ್ಟು ಒಳಗೆ ಹೋದರು.

ಹದಿನಾಲ್ಕರ ಮಗಳು ಶೂ ಕಟ್ಟಿಕೊಳ್ಳುತ್ತ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. "ಅಮ್ಮಾ, ಅದು ಹೊಗಳಿಕೆಯಾ?" ಎಂದಳು.

ಅಜ್ಜ ಬ್ರಿಸ್ಟಲ್ ನಗರದಲ್ಲಿ ಬಸ್ ಓಡಿಸಿ ನಿವೃತ್ತರಾದವರು. 2016ರ ಜೂನ್ 23ರಂದು ಯುರೋಪ್ ಒಕ್ಕೂಟದಿಂದ ಹೊರಬರಬೇಕೆಂದು ಮತ ಹಾಕಿದವರು. ಅದನ್ನು ಮುಚ್ಚಿಡುವುದೂ ಇಲ್ಲ, ಅದಕ್ಕಾಗಿ ಜಗಳ ಆಡುವುದೂ ಇಲ್ಲ. ನಮ್ಮ ನಗರದಲ್ಲಿ ನೂರಕ್ಕೆ ಅರವತ್ತಕ್ಕಿಂತ ಹೆಚ್ಚು ಜನ ಒಕ್ಕೂಟದಲ್ಲೇ ಉಳಿಯೋಣ ಎಂದಿದ್ದರು. ಇಡೀ ದೇಶದ ಲೆಕ್ಕದಲ್ಲಿ 51.9 ಶೇಕಡಾ ಹೊರಗೆ ಎಂದಿತು. ಅಂದಿನಿಂದ ಮದುವೆ ಮನೆಗಳಲ್ಲಿ, ಪಬ್ಬುಗಳಲ್ಲಿ, ಕ್ರಿಸ್‌ಮಸ್ ಊಟದ ಮೇಜಿನಲ್ಲಿ ಈ ವಿಷಯ ಎತ್ತಬಾರದು ಎಂಬುದು ಒಂದು ಮನೆತನದ ರೀತಿಯೇ ಆಗಿಹೋಗಿದೆ. ಆದರೂ ಎತ್ತುತ್ತಾರೆ.

ಆ ಜನಮತಗಣನೆಯಲ್ಲಿ ನಾನೂ ಮತ ಹಾಕಿದ್ದೆ ಎಂದರೆ ಊರಿನವರು ನಂಬುವುದಿಲ್ಲ. ಆಗ ನನ್ನ ಕೈಯಲ್ಲಿದ್ದದ್ದು ಭಾರತದ ಪಾಸ್‌ಪೋರ್ಟ್. ಕಾಮನ್‌ವೆಲ್ತ್ ದೇಶಗಳ ಪ್ರಜೆಗಳು ಇಲ್ಲಿ ಕಾನೂನುಬದ್ಧವಾಗಿ ನೆಲೆಸಿದ್ದರೆ ಮತದಾನದ ಹಕ್ಕು ಇರುತ್ತದೆ. ಹಳೆಯ ಸಾಮ್ರಾಜ್ಯದ ಉಳಿಕೆ ಅದು. ನನ್ನ ಜೊತೆ ಕೆಲಸ ಮಾಡುತ್ತಿದ್ದ ಪೋಲೆಂಡಿನ ಹೆಣ್ಣುಮಗಳು ನನಗಿಂತ ಎಷ್ಟೋ ವರ್ಷ ಮೊದಲು ಬಂದವಳು, ಇಲ್ಲೇ ಮನೆ ಕೊಂಡವಳು. ಅವಳಿಗೆ ಮತವಿಲ್ಲ. ಅವಳ ಬದುಕನ್ನು ತೀರ್ಮಾನಿಸುವ ಚೀಟಿಯ ಮೇಲೆ ಯಲ್ಲಾಪುರದ ಕಡೆಯ ನಾನು ಗುರುತು ಹಾಕಿದೆ. ಉಳಿಯೋಣ ಎಂದೇ ಹಾಕಿದೆ. ಅದರಿಂದ ಅವಳಿಗೆ ಏನೂ ಉಪಯೋಗವಾಗಲಿಲ್ಲ.

ನಮ್ಮವರೆಲ್ಲ ಹಾಗೆ ಹಾಕಿರಲಿಲ್ಲ. ಆ ವರ್ಷದ ಯುಗಾದಿ ಕೂಟದಲ್ಲಿ ಒಬ್ಬಟ್ಟು ಮುರಿಯುತ್ತ ನಡೆದ ಮಾತು ನನಗೆ ಚೆನ್ನಾಗಿ ನೆನಪಿದೆ. ನಾವು ಸಾವಿರಾರು ಪೌಂಡ್ ಶುಲ್ಕ ಕಟ್ಟಿ, ಇಂಗ್ಲಿಷ್ ಪರೀಕ್ಷೆ ಬರೆದು, ಬ್ಯಾಂಕಿನ ಕಾಗದ ತೋರಿಸಿ ವೀಸಾಕ್ಕೆ ಕಾಯುತ್ತೇವೆ. ರೊಮೇನಿಯಾದವನು ಬಸ್ ಹತ್ತಿ ಬರುತ್ತಾನೆ, ಇದು ಯಾವ ನ್ಯಾಯ? ಮಾತಿನಲ್ಲಿ ಹುರುಳಿಲ್ಲ ಎನ್ನಲಾರೆ. ಹೊರಬಂದರೆ ನಮ್ಮ ಕಡೆಯ ಅಡುಗೆಯ ‘ಕರಿ’ ಹೋಟೆಲುಗಳು ಉಳಿಯುತ್ತವೆ ಎಂದು ಭಾರತೀಯ ಮೂಲದ ಸಚಿವೆ ಪ್ರೀತಿ ಪಟೇಲ್ ಪ್ರಚಾರ ಮಾಡಿದ್ದೂ ಆಗಲೇ. ಆದರೆ ಎರಡನೆಯ ಒಬ್ಬಟ್ಟಿನ ಹೊತ್ತಿಗೆ ಮಾತು ಜಾರಿತು. "ಆ ಜನ" ದುಡಿಯುವುದಿಲ್ಲ, "ಆ ಜನ" ಸರ್ಕಾರದ ದುಡ್ಡಿನಲ್ಲಿ ಬದುಕುತ್ತಾರೆ. ಕೆಲವೊಮ್ಮೆ ಆ ಜನ ಎಂದರೆ ಪೂರ್ವ ಯುರೋಪಿನವರು, ಕೆಲವೊಮ್ಮೆ ಪಾಕಿಸ್ತಾನದವರು, ದನಿ ತಗ್ಗಿಸಿದಾಗ ಆಫ್ರಿಕಾ ಮತ್ತು ಕೆರಿಬಿಯನ್ ಮೂಲದವರು. ನಾವು ಮಾತ್ರ ಯಾವಾಗಲೂ ಆ ಪಟ್ಟಿಯಿಂದ ಹೊರಗೆ.

ಒಕ್ಕೂಟದಿಂದ ಹೊರಬಿದ್ದ ಮೇಲೆ ಏನಾಯಿತು ಎಂಬುದು ಅಜ್ಜನ ಮಟ್ಟಿಗೆ ಒಂದು ಮೋಸದ ಕಥೆ. ವಲಸೆ ಇಳಿಯುತ್ತದೆ ಎಂದು ಅವರು ಮತ ಹಾಕಿದ್ದು. 2023ರ ಹೊತ್ತಿಗೆ ವರ್ಷದ ನಿವ್ವಳ ವಲಸೆ ಒಂಬತ್ತು ಲಕ್ಷ ದಾಟಿತು, ಹೊರಗಿನಿಂದ ಬಂದವರಲ್ಲಿ ಭಾರತೀಯರೇ ಎಲ್ಲರಿಗಿಂತ ಹೆಚ್ಚು. ಯುರೋಪಿನವರು ಬರುವುದು ನಿಂತಾಗ ಮುದುಕರನ್ನು ನೋಡಿಕೊಳ್ಳುವವರಿಲ್ಲವೆಂದು 2022ರಲ್ಲಿ ಆರೈಕೆ ಕೆಲಸಕ್ಕೆ ವೀಸಾ ತೆರೆದರು. ಕೇರಳದಿಂದ, ನೈಜೀರಿಯಾದಿಂದ, ಜಿಂಬಾಬ್ವೆಯಿಂದ ಜನ ಬಂದರು. 2025ರ ಜುಲೈಯಲ್ಲಿ ಆ ಬಾಗಿಲನ್ನು ಮತ್ತೆ ಮುಚ್ಚಿದರು. ಅಜ್ಜನ ಹೆಂಡತಿಯ ಕೊನೆಯ ತಿಂಗಳುಗಳಲ್ಲಿ ಅವರ ಮೈ ಒರೆಸಿ ಮಗ್ಗುಲು ತಿರುಗಿಸುತ್ತಿದ್ದವಳು ಜಿಂಬಾಬ್ವೆಯ ಹುಡುಗಿ. ಅವಳ ಬಗ್ಗೆಯೂ ಅಜ್ಜ "ಅವಳ ಮಾತು ಬೇರೆ" ಎನ್ನುತ್ತಾರೆ. ಅವರು ಬಲ್ಲವರ ಮಾತೆಲ್ಲ ಬೇರೆ. ಅವರಿಗೆ ಗೊತ್ತಿಲ್ಲದವರದ್ದೇ ತಕರಾರು.

ಮಗಳ ಶಾಲೆಯ ಚರ್ಚಾಕೂಟದವರು ಇದೇ ಹೊತ್ತಿಗೆ ಸರಿಯಾಗಿ ಒಂದು ವಿಷಯ ಕೊಟ್ಟರು: ಒಕ್ಕೂಟ ಬಿಟ್ಟ ಬ್ರಿಟನ್ ಮೊದಲಿಗಿಂತ ನ್ಯಾಯವಾದ ದೇಶವಾಗಿದೆ. ಚೀಟಿ ಎತ್ತಿದಾಗ ಇವಳಿಗೆ ಪರ ಬಂತು. ಮುಖ ಸಣ್ಣದು ಮಾಡಿಕೊಂಡು ಬಂದವಳು ಎರಡು ದಿನದಲ್ಲಿ ವಾದ ಹೊಸೆದಳು. ಮೊದಲು ಬಿಳಿಯ ಯುರೋಪಿಗೆ ಒಂದು ಬಾಗಿಲು, ಕಂದು ಕಪ್ಪು ಜನಕ್ಕೆ ಇನ್ನೊಂದು. ಈಗ ಎಲ್ಲರಿಗೂ ಒಂದೇ ಸಾಲು. ಯುಗಾದಿ ಕೂಟದ ಮಾವಂದಿರು ಕೇಳಿದ್ದರೆ ಚಪ್ಪಾಳೆ ತಟ್ಟುತ್ತಿದ್ದರು. ಆಮೇಲೆ ಈ ಊರಿನ ಚರಿತ್ರೆಯಿಂದ ಒಂದು ಉದಾಹರಣೆ ಬೇಕೆಂದು ಹುಡುಕತೊಡಗಿದಳು.

ಬ್ರಿಸ್ಟಲ್‌ನಲ್ಲಿ ಅಂಥವಕ್ಕೆ ಬರವಿಲ್ಲ. ಊರ ಮಧ್ಯೆ ಗುಲಾಮರ ವ್ಯಾಪಾರಿ ಎಡ್ವರ್ಡ್ ಕೋಲ್ಸ್ಟನ್‌ನ ಪ್ರತಿಮೆ 1895ರಿಂದ ನಿಂತಿತ್ತು; 2020ರ ಜೂನ್ 7ರಂದು ಜನ ಅದನ್ನು ಕೆಡವಿ ಉರುಳಿಸಿಕೊಂಡು ಹೋಗಿ ಬಂದರಿನ ನೀರಿಗೆ ಹಾಕಿದ್ದು ಜಗತ್ತೆಲ್ಲ ನೋಡಿದ ಸಂಗತಿ. ಅಲ್ಲಿಂದ ಸ್ವಲ್ಪ ದೂರದಲ್ಲೇ ನಮ್ಮ ರಾಜಾ ರಾಮಮೋಹನ ರಾಯರ ಪ್ರತಿಮೆ ಇದೆ, 1833ರಲ್ಲಿ ಅವರು ತೀರಿಕೊಂಡದ್ದು ಈ ಊರಿನಲ್ಲಿ. ಭಾರತದಿಂದ ಬಂದ ನೆಂಟರನ್ನು ಕರೆದುಕೊಂಡು ಹೋಗಿ ತೋರಿಸಲು ಅನುಕೂಲ. ಆದರೆ ಮಗಳು ಹಿಡಿದದ್ದು ಬಸ್ಸಿನ ಕಥೆಯನ್ನು. ಅದಕ್ಕೆ ಅಜ್ಜನೇ ಕಾರಣ.

1955ರಲ್ಲಿ ಇಲ್ಲಿನ ಬಸ್ ನೌಕರರ ಸಂಘದ ಶಾಖೆ, ಬಿಳಿಯರಲ್ಲದವರನ್ನು ಬಸ್ಸಿನ ಚಾಲಕ, ನಿರ್ವಾಹಕರಾಗಿ ಸೇರಿಸಿಕೊಳ್ಳಕೂಡದೆಂದು ನಿರ್ಣಯ ಮಾಡಿತ್ತು. ವರ್ಕ್‌ಶಾಪಿನಲ್ಲಿ, ಕ್ಯಾಂಟೀನಿನಲ್ಲಿ ಕಡಿಮೆ ಸಂಬಳಕ್ಕೆ ದುಡಿಯಲು ಅಡ್ಡಿಯಿಲ್ಲ. ಸಮವಸ್ತ್ರ ತೊಟ್ಟು ಟಿಕೆಟ್ ಹರಿಯುವಂತಿಲ್ಲ. ಕಂಪನಿಗೂ ಅದು ಒಪ್ಪಿಗೆಯೇ. ಕೆರಿಬಿಯನ್ ದ್ವೀಪಗಳಿಂದ ಬಂದವರು 1963ರಲ್ಲಿ ಇದನ್ನು ಬಯಲಿಗೆ ಎಳೆದರು. ಪಾಲ್ ಸ್ಟೀಫನ್‌ಸನ್ ಎಂಬ ಯುವಕ ಗೈ ಬೇಯ್ಲಿ ಎಂಬ ಹುಡುಗನಿಗೆ ನಿರ್ವಾಹಕನ ಕೆಲಸಕ್ಕೆ ಸಂದರ್ಶನ ಗೊತ್ತುಮಾಡಿದ. ಹುಡುಗ ವೆಸ್ಟ್ ಇಂಡೀಸಿನವನು ಎಂದು ಗೊತ್ತಾದ ಕೂಡಲೇ ಸಂದರ್ಶನ ರದ್ದಾಯಿತು. ಏಪ್ರಿಲ್ 30ರಿಂದ ಬಹಿಷ್ಕಾರ ಶುರು. ಜನ ಬಸ್ ಹತ್ತದೆ ನಡೆದರು, ಸೈಕಲ್ ತುಳಿದರು. ಹಿಂದೆ ಕ್ರಿಕೆಟ್ಟಿನಲ್ಲಿ ಹೆಸರಾಗಿ ಆಗ ಟ್ರಿನಿಡಾಡಿನ ಹೈಕಮಿಷನರ್ ಆಗಿದ್ದ ಲಿಯರಿ ಕಾನ್‌ಸ್ಟಂಟೈನ್ ಬೆಂಬಲಕ್ಕೆ ನಿಂತರು. ಪ್ರವಾಸದಲ್ಲಿದ್ದ ವೆಸ್ಟ್ ಇಂಡೀಸ್ ತಂಡ ಮಾತ್ರ ಆಟಕ್ಕೂ ರಾಜಕೀಯಕ್ಕೂ ಸಂಬಂಧವಿಲ್ಲವೆಂದು ಸುಮ್ಮನಿತ್ತು. ಆಗಸ್ಟ್ 28ರಂದು ಕಂಪನಿ ಮಣಿಯಿತು. ಅದೇ ದಿನ ವಾಷಿಂಗ್ಟನ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ತಮ್ಮ ಕನಸಿನ ಮಾತನ್ನಾಡಿದ್ದು. ಎರಡು ವರ್ಷಗಳ ಬಳಿಕ ಬ್ರಿಟನ್ನಿನ ಮೊದಲ ಜನಾಂಗೀಯ ಸಂಬಂಧಗಳ ಕಾಯ್ದೆ ಬಂತು. ಸ್ಟೀಫನ್‌ಸನ್ 2024ರ ನವೆಂಬರಿನಲ್ಲಿ ತೀರಿಕೊಂಡಾಗ ಊರಿಗೆ ಊರೇ ಅವರನ್ನು ನೆನೆಯಿತು.

ಅಜ್ಜನ ಅಪ್ಪ ಆಗ ಅದೇ ಬಸ್ಸುಗಳ ನಿರ್ವಾಹಕ. ಕಪ್ಪು ಜನ ಬೇಡವೆಂದು ಕೈ ಎತ್ತಿದವರಲ್ಲಿ ಒಬ್ಬ. "ಅಪ್ಪ ಕೆಟ್ಟವನಲ್ಲ" ಎಂದು ಅಜ್ಜ ನಮ್ಮ ಅಡುಗೆಮನೆಯಲ್ಲಿ ಚಹಾ ಕುಡಿಯುತ್ತ ಮಗಳಿಗೆ ವಿವರಿಸಿದರು. ಮೂಲ ಸಂಬಳ ಸಾಲದು, ಓವರ್‌ಟೈಮ್ ದುಡ್ಡಿನಲ್ಲೇ ಮನೆ ನಡೆಯಬೇಕು. ಹೊಸಬರು ಬಂದರೆ ಓವರ್‌ಟೈಮ್ ಹೋಯಿತು. ಅಷ್ಟೇ ಭಯ.

"ಹೊಸಬ ಬಿಳಿಯನಾದರೂ ಓವರ್‌ಟೈಮ್ ಹೋಗುತ್ತಿತ್ತಲ್ಲ?" ಎಂದಳು ಮಗಳು.

ಅಜ್ಜ ಜೋರಾಗಿ ನಕ್ಕರು. ಮೆಚ್ಚುಗೆಯ ನಗೆ. ಉತ್ತರವಂತೂ ಅಲ್ಲ. ನನಗೆ ಅಜ್ಜನ ಮೇಲೆ ಸಿಟ್ಟು ಬರುವುದಿಲ್ಲ. ಸುಳ್ಳು ಹೇಳದೆ ತನ್ನ ಅಪ್ಪನ ಕಥೆಯನ್ನು ಪಕ್ಕದ ಮನೆಯ ಕಂದು ಹುಡುಗಿಗೆ ಒಪ್ಪಿಸಿದ ಮನುಷ್ಯ ಅವರು. ನಮ್ಮ ಮನೆತನಗಳಲ್ಲಿ ಅಜ್ಜಂದಿರ ಬಗ್ಗೆ ಹೀಗೆ ಮಾತಾಡಿದವರನ್ನು ನಾನು ಹೆಚ್ಚು ಕಂಡಿಲ್ಲ.

ಆಮೇಲೆ ಮಗಳು ಓದುತ್ತ ಓದುತ್ತ ಒಂದು ಕಡೆ ನಿಂತಳು. ಬಹಿಷ್ಕಾರ ಗೆದ್ದ ಮೇಲೆ ಸೆಪ್ಟೆಂಬರ್ 17ರಂದು ಬ್ರಿಸ್ಟಲ್‌ನ ಬಸ್ಸಿನಲ್ಲಿ ಬಿಳಿಯನಲ್ಲದ ಮೊದಲ ನಿರ್ವಾಹಕ ಕೆಲಸಕ್ಕೆ ಬಂದ. ಹೆಸರು ರಘ್‌ಬೀರ್ ಸಿಂಗ್. ನಮ್ಮವನು, ಸಿಖ್ಖ. "ಹೋರಾಡಿದವರು ಅವರು, ಕೆಲಸ ಸಿಕ್ಕಿದ್ದು ನಮಗೆ" ಎಂದಳು. ಪಂಕ್ತಿಯಲ್ಲಿ ಕೊನೆಗೆ ಬಂದು ಕೂತವನ ಎಲೆಗೇ ಮೊದಲು ಹೋಳಿಗೆ ಬಿದ್ದ ಹಾಗೆ. ನ್ಯಾಯ ಹೇಳಬೇಕೆಂದರೆ ಕೆಲವೇ ದಿನಗಳಲ್ಲಿ ಇಬ್ಬರು ಜಮೈಕಾದವರೂ ಇಬ್ಬರು ಪಾಕಿಸ್ತಾನದವರೂ ಸೇರಿದರು, ರಘ್‌ಬೀರ್ ಸಿಂಗ್ ಯಾರ ಕೆಲಸವನ್ನೂ ಕಸಿಯಲಿಲ್ಲ. ಆದರೂ ಮಗಳ ಮಾತು ನನ್ನನ್ನು ಬಿಡಲಿಲ್ಲ. ಈ ದೇಶದಲ್ಲಿ ನಮಗೆ ಮನೆ ಬಾಡಿಗೆಗೆ ಸಿಗುವುದು, ಕೆಲಸದ ಅರ್ಜಿ ಕಸದ ಬುಟ್ಟಿಗೆ ಹೋಗದಿರುವುದು ಯಾರ ಬೆವರಿನಿಂದ ಎಂಬುದು ನಮ್ಮ ಕೂಟಗಳಲ್ಲಿ ಚರ್ಚೆಗೆ ಬಂದದ್ದಿಲ್ಲ. ನಾವು ಓದಿ ಬಂದೆವು, ಕಷ್ಟಪಟ್ಟು ದುಡಿದೆವು, ಆದ್ದರಿಂದ ಗೌರವ ಸಿಕ್ಕಿತು ಎಂಬುದೇ ನಮ್ಮ ಪಾಠ. ಥೇಮ್ಸ್ ದಂಡೆಯಲ್ಲಿ 2015ರಿಂದ ಬಸವಣ್ಣನವರ ಪ್ರತಿಮೆ ಇದೆ; ಲಂಡನ್ನಿಗೆ ಹೋದಾಗಲೆಲ್ಲ ಅಲ್ಲಿ ಕೈಮುಗಿದು ಫೋಟೋ ತೆಗೆಸಿಕೊಳ್ಳುತ್ತೇವೆ. ಜಾತಿಯ ಆಧಾರದ ತಾರತಮ್ಯವನ್ನು ಬ್ರಿಟನ್ನಿನ ಸಮಾನತೆ ಕಾಯ್ದೆಯಲ್ಲಿ ಹೆಸರಿಸಿ ಸೇರಿಸಬೇಕೆಂದು ಸಂಸತ್ತು 2013ರಲ್ಲಿ ಹೇಳಿದಾಗ, ಬೇಡವೇ ಬೇಡ ಎಂದು ಸಹಿ ಸಂಗ್ರಹಿಸಿದವರು ಭಾರತೀಯರ ಸಂಘಟನೆಗಳವರೇ. 2018ರಲ್ಲಿ ಸರ್ಕಾರ ಆ ಯೋಚನೆಯನ್ನು ಕೈಬಿಟ್ಟಿತು.

ಯಲ್ಲಾಪುರದ ಕಡೆಯವಳಾದ್ದರಿಂದ ನನಗೆ ಈ ಚರ್ಚೆ ಬೇರೆ ದೇಶದ್ದು ಅನ್ನಿಸುವುದಿಲ್ಲ. ಪೋರ್ಚುಗೀಸರು ಗೋವಾಕ್ಕೆ ಗುಲಾಮರಾಗಿ ತಂದ ಆಫ್ರಿಕನ್ನರ ಮಕ್ಕಳು ಮೊಮ್ಮಕ್ಕಳು ಕಾಡು ಸೇರಿ ಸಿದ್ದಿಗಳಾದದ್ದು ನಮ್ಮ ಯಲ್ಲಾಪುರ, ಹಳಿಯಾಳ, ಮುಂಡಗೋಡಿನಲ್ಲೇ. ನಮ್ಮ ಅಡಿಕೆ ತೋಟಕ್ಕೆ ಒಬ್ಬ ಸಿದ್ದಿ ಬರುತ್ತಿದ್ದ. ಅಡಿಕೆ ಕೊನೆ ಕೊಯ್ಯುವ ಕೊನೆಗೌಡನಿಗೆ ಜ್ವರ ಬಂದ ದಿನ ಮರ ಹತ್ತುವುದಕ್ಕೂ ಅವನೇ, ಕಾಡುಹಂದಿ ನುಗ್ಗಿದ ರಾತ್ರಿ ಕೂಗು ಹಾಕುವುದಕ್ಕೂ ಅವನೇ. ನನ್ನ ಅಜ್ಜ ಬಂದವರ ಮುಂದೆಲ್ಲ "ಅವನು ನಮ್ಮವನೇ" ಎನ್ನುತ್ತಿದ್ದ. ಅಭಿಮಾನದಿಂದಲೇ. ಊಟದ ಹೊತ್ತಿಗೆ ಆ ನಮ್ಮವನ ಎಲೆ ಅಂಗಳದ ಮೂಲೆಯಲ್ಲಿ. ಚಹಾ ಕುಡಿಯುವ ಲೋಟ ಸೂರಿನ ಸಂದಿಯಲ್ಲಿ ಸಿಕ್ಕಿಸಿದ್ದು, ಅವನೇ ತೊಳೆದು ಅಲ್ಲೇ ಇಡಬೇಕು. ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಆ ಸಮುದಾಯದ ಮೊದಲ ಶಾಸಕರಾಗಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡದ್ದು 2020ರ ಜುಲೈಯಲ್ಲಿ, ಕೋಲ್ಸ್ಟನ್ ನೀರಿಗೆ ಬಿದ್ದ ಮುಂದಿನ ತಿಂಗಳು. ನನ್ನ ಅಜ್ಜ ಆಗ ಇರಲಿಲ್ಲ.

ಡಿಸೆಂಬರ್ ರಜೆಗೆ ಊರಿಗೆ ಹೋದೆವು. ಬೆಂಗಳೂರಿನಿಂದ ರಾತ್ರಿ ಬಸ್. ನಮ್ಮ ಮುಂದಿನ ಸೀಟಿನಲ್ಲಿ ಗುಂಗುರು ಕೂದಲಿನ ಹುಡುಗನೊಬ್ಬ ಕಿಟಕಿಗೆ ಒರಗಿ ಕೂತಿದ್ದ. ಪಕ್ಕದಲ್ಲಿ ಬಂದು ಕೂತ ಸಭ್ಯಸ್ಥರು ಸ್ವಲ್ಪ ಹೊತ್ತು ನೋಡಿ, ಯಾವ ದೇಶ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಹುಡುಗ ಯಲ್ಲಾಪುರ ಎಂದ. ಕಾಲೇಜು, ಊರು, ತೋಟ ಎಲ್ಲವೂ ನಮ್ಮ ಸೀಮೆಯ ಕನ್ನಡದಲ್ಲಿ ಬಂದವು. ಸಭ್ಯಸ್ಥರಿಗೆ ಆನಂದವೋ ಆನಂದ. ಚಕ್ಕುಲಿಯ ಪೊಟ್ಟಣ ಬಿಚ್ಚಿ ಮುಂದೆ ಹಿಡಿದರು. "ನೀವು ನಮ್ಮವರೇ ಬಿಡಿ! ನಾನು ಆ ನೈಜೀರಿಯಾದವರ ಪೈಕಿ ಇರಬೇಕು ಅಂದುಕೊಂಡಿದ್ದೆ."

"ನೈಜೀರಿಯಾದವನೇ ಆಗಿದ್ದರೆ ಏನು ಮಾಡುತ್ತಿದ್ದಿರಿ?" ಎಂದು ಹುಡುಗ ಚಕ್ಕುಲಿ ಮುರಿಯುತ್ತ ಕೇಳಿದ. ನಗುತ್ತಲೇ ಕೇಳಿದ.

ಆ ಪ್ರಶ್ನೆ ತಮಾಷೆಯದಲ್ಲ. 2016ರ ಜನವರಿ ಕೊನೆಯ ದಿನ ಬೆಂಗಳೂರಿನ ಹೊರವಲಯದಲ್ಲಿ ಸುಡಾನಿನವನೊಬ್ಬನ ಕಾರು ಒಬ್ಬ ಹೆಂಗಸಿನ ಜೀವ ತೆಗೆದಿತ್ತು. ಸ್ವಲ್ಪ ಹೊತ್ತಿಗೆ ಆ ದಾರಿಯಲ್ಲಿ ಬೇರೊಂದು ಕಾರಿನಲ್ಲಿ ಬಂದ ತಾಂಜಾನಿಯಾದ ವಿದ್ಯಾರ್ಥಿನಿಯನ್ನು ಗುಂಪು ಎಳೆದು ಹೊಡೆಯಿತು. ಅವಳಿಗೂ ಆ ಅಪಘಾತಕ್ಕೂ ಇದ್ದ ಸಂಬಂಧ ಮೈಬಣ್ಣ ಮಾತ್ರ. ಅದಕ್ಕೂ ಮೊದಲು, 2012ರ ಆಗಸ್ಟಿನಲ್ಲಿ, ಬರೀ ಗಾಳಿಸುದ್ದಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರಿನಿಂದ ಗುವಾಹಟಿಯ ರೈಲು ಹತ್ತಿದ್ದರು. ಅವರನ್ನು ತಡೆದು "ನಿಮ್ಮನ್ನಲ್ಲ ಬಿಡಿ" ಎಂದು ಹೇಳಿದವರೂ ಇದ್ದಿರಬಹುದು. ರೈಲು ತುಂಬಿಯೇ ಹೋಯಿತು.

ಸಭ್ಯಸ್ಥರು ಏನೋ ಗೊಣಗಿ ಹೊದಿಕೆ ಎಳೆದುಕೊಂಡರು. ಮಗಳು ಫೋನಿನಲ್ಲಿ ಏನನ್ನೋ ಬರೆದುಕೊಂಡಳು.

ಚರ್ಚೆಯ ದಿನ ಅವಳು ಒಂದೇ ಸಾಲಿನ ವಾದವನ್ನು ಸೊಗಸಾಗಿ ಮಂಡಿಸಿ, ಬಸ್ ಬಹಿಷ್ಕಾರಕ್ಕೆ ಬಂದು, ಅಲ್ಲಿಂದ ಯಲ್ಲಾಪುರದ ಬಸ್ಸಿಗೆ ಹಾರಿ, ಹುಡುಗನ ಪ್ರಶ್ನೆಯನ್ನು ದೇಶದ ಹೆಸರೊಂದನ್ನು ಬದಲಿಸಿ ಸಭೆಗೇ ಕೇಳಿದಳಂತೆ. ನೀನು ಪರವೋ ವಿರೋಧವೋ ಎಂದು ತೀರ್ಪುಗಾರರು ಕೇಳಿದರಂತೆ. ವಿಷಯಾಂತರವೆಂದು ಅಂಕ ಕಳೆದು ಎರಡನೆಯ ಸ್ಥಾನ ಕೊಟ್ಟರು. ಅವಳಿಗೆ ಬೇಸರವಿಲ್ಲ, ಮುಂದಿನ ವಿಷಯ ಆಗಲೇ ಬಂದಿದೆ: ಹದಿನಾರಕ್ಕೇ ಮತದಾನದ ಹಕ್ಕು ಕೊಡುತ್ತೇವೆಂದು ಸರ್ಕಾರ 2025ರಲ್ಲಿ ಹೇಳಿದೆಯಲ್ಲ, ಅದು. ಮುಂದಿನ ಮಹಾಚುನಾವಣೆಯ ಹೊತ್ತಿಗೆ ಅವಳಿಗೆ ಹದಿನಾರು ದಾಟಿರಬಹುದು. ಯಾರಿಗೆ ಹಾಕುತ್ತೀ ಎಂದು ಕೇಳಿದೆ.

"ಅದು ಗುಪ್ತ ಮತದಾನ, ಅಮ್ಮಾ" ಎಂದಳು.